ನಡುವೆ ನಿಂತ ಜನರಲ್

ಕೊಡಗಿನಲ್ಲಿ ಜನರಲ್ ತಿಮ್ಮಯ್ಯನವರ ಮಾತು ಎತ್ತಿದರೆ ಎರಡು ಕತೆ ಬಂದೇ ಬರುತ್ತವೆ. ಒಂದು, ಕಾಶ್ಮೀರದ ಜೋಜಿ ಲಾ ಎಂಬ ಬೆಟ್ಟದ ದಾರಿಯ ಮೇಲೆ ಟ್ಯಾಂಕ್ ಹತ್ತಿಸಿದ್ದು. ಇನ್ನೊಂದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಬರೆದು ಕೊಟ್ಟಿದ್ದು. ಮದುವೆ ಮನೆಯಲ್ಲಿ, ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ, ಕೌಟುಂಬಿಕ ಹಾಕಿ ನಡೆಯುವಾಗ ಗ್ಯಾಲರಿಯಲ್ಲಿ ಕೂತು, ಎಲ್ಲಿ ಕೇಳಿದರೂ ಇವೆರಡೇ. ನಾನೂ ಇವನ್ನೇ ಕೇಳುತ್ತಾ ಬೆಳೆದವನು. ಎರಡೂ ನಿಜ, ಎರಡೂ ಚೆಂದ. ಆದರೆ ಈಚೆಗೆ ಅವರ ಬದುಕಿನ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾ ಹೋದಾಗ ನನಗೆ ಕಂಡ ಮನುಷ್ಯ ಸ್ವಲ್ಪ ಬೇರೆ. ಗುಂಡು ಹಾರಿಸಿದ್ದಕ್ಕಿಂತ ಗುಂಡು ಹಾರದ ಹಾಗೆ ಇಬ್ಬರ ನಡುವೆ ಹೋಗಿ ನಿಂತದ್ದೇ ಅವರ ಉದ್ಯೋಗದಲ್ಲಿ ಹೆಚ್ಚು. ಕೋವಿಗೆ ಪೂಜೆ ಮಾಡುವ ಊರಿನವರು ನಾವು. ಅದಕ್ಕೇ ಇರಬೇಕು, ಆ ಭಾಗವನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಅವರು ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಕೊಡಂದೇರ ಒಕ್ಕದವರೇ. ಒಂದೇ ಮನೆತನದಿಂದ ಸ್ವತಂತ್ರ ಭಾರತದ ಸೇನೆಗೆ ಇಬ್ಬರು ಮುಖ್ಯಸ್ಥರು! ಇದನ್ನು ಹೊರಗಿನವರಿಗೆ ಹೇಳುವಾಗ ನಮ್ಮ ದನಿ ಒಂದು ಸುತ್ತು ಏರುವುದು ಸಹಜ, ಕ್ಷಮಿಸಬೇಕು. ತಿಮ್ಮಯ್ಯನವರದು ಕಾಫಿ ತೋಟದ ಮನೆ. ಮಡಿಕೇರಿಯ ಅವರ ಮನೆಯ ಹೆಸರು ಸನ್ನಿಸೈಡ್. ನಮ್ಮ ತಲೆಮಾರಿಗೆ ಬಹಳ ಕಾಲ ಅದು ಆರ್‌ಟಿಓ ಆಫೀಸು. ಎಲ್‌ಎಲ್‌ಆರ್ ಮಾಡಿಸಲು ಹೋದವರಲ್ಲಿ ಎಷ್ಟು ಜನಕ್ಕೆ ಇದು ಯಾರ ಮನೆ ಎಂದು ಗೊತ್ತಿತ್ತೋ. ಈಗ ಅದು ಮ್ಯೂಸಿಯಂ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಅಂಗಳದಲ್ಲಿ ಟ್ಯಾಂಕ್ ನಿಲ್ಲಿಸಿದ್ದಾರೆ, ಯುದ್ಧವಿಮಾನ ನಿಲ್ಲಿಸಿದ್ದಾರೆ. ಪ್ರವಾಸಕ್ಕೆ ಬಂದವರು ಮೊದಲು ಅಲ್ಲೇ ಫೋಟೊ ತೆಗೆಸಿಕೊಳ್ಳುತ್ತಾರೆ.

ಓದಿದ್ದು ಕೂನೂರಿನಲ್ಲಿ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್‌ನಲ್ಲಿ, ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಕಮಿಷನ್ ಸಿಕ್ಕಿತು. ಆಗಿನ ಕಾಲಕ್ಕೆ ಭಾರತೀಯನೊಬ್ಬ ಆಫೀಸರಾಗುವುದೆಂದರೆ ಒಂಥರಾ ಪಂಕ್ತಿಭೇದದ ಊಟ. ಬ್ರಿಟಿಷರು ಇಡೀ ಸೇನೆಯಲ್ಲಿ ಎಂಟೇ ಎಂಟು ಘಟಕಗಳನ್ನು ಆರಿಸಿ, ಭಾರತೀಯ ಆಫೀಸರರೆಲ್ಲ ಅಲ್ಲೇ ಇರಲಿ ಎಂದಿದ್ದರು. ಬಿಳಿಯನೊಬ್ಬ ಕರಿಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬಾರದಿರಲಿ ಎಂಬುದು ಒಳಗಿನ ಲೆಕ್ಕ. ತಿಮ್ಮಯ್ಯ ಸೇರಿದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆ ಎಂಟರಲ್ಲಿ ಒಂದು. ಇವತ್ತು ಅದು ಕುಮಾವೂಂ ರೆಜಿಮೆಂಟ್.

ನಡುವೆ ನಿಲ್ಲುವ ಕೆಲಸ ನನ್ನ ಲೆಕ್ಕಕ್ಕೆ ಇಲ್ಲಿಂದಲೇ ಶುರು. ಮೈಮೇಲೆ ಬ್ರಿಟಿಷ್ ಸಮವಸ್ತ್ರ, ಹೊರಗೆ ಬೀದಿಯಲ್ಲಿ ಗಾಂಧಿಯ ಚಳವಳಿ. ಅಲಹಾಬಾದಿನಲ್ಲಿದ್ದಾಗ ಮನಸ್ಸು ತಡೆಯದೆ ಮೋತಿಲಾಲ್ ನೆಹರೂ ಅವರ ಹತ್ತಿರ ಹೋಗಿ, ಈ ಕೆಲಸ ಬಿಟ್ಟುಬಿಡಲೇ ಎಂದು ಕೇಳಿದ್ದರಂತೆ. ಬಿಡಬೇಡ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ಕೆಲಸ ಬಲ್ಲ ಆಫೀಸರರು ಬೇಕಾಗುತ್ತಾರೆ ಎಂಬರ್ಥದ ಮಾತು ಹೇಳಿ ಅವರು ವಾಪಸು ಕಳಿಸಿದರು ಎಂಬ ಕತೆ ಸೇನೆಯಲ್ಲಿ ಬಹಳ ಪ್ರಸಿದ್ಧ. ತಂದೆ ಮೋತಿಲಾಲ್ ಕೊಟ್ಟ ಸಲಹೆ ಕೇಳಿ ಉಳಿದವರು, ಮೂವತ್ತು ವರ್ಷದ ಮೇಲೆ ಮಗ ಜವಾಹರಲಾಲರ ಕೈಗೆ ರಾಜೀನಾಮೆ ಕೊಟ್ಟರು. ಚರಿತ್ರೆಗೆ ಇಂಥ ಚೇಷ್ಟೆ ಆಗಾಗ ಇರುತ್ತದೆ.

1935ರ ಜನವರಿಯಲ್ಲಿ ನೀನಾ ಅವರೊಡನೆ ಮದುವೆ. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ಭೂಕಂಪ. ಆಗ ದಂಪತಿ ಅಲ್ಲೇ ಇದ್ದರು. ಗಂಡ ಹೆಂಡತಿ ಇಬ್ಬರೂ ಪರಿಹಾರ ಕೆಲಸಕ್ಕೆ ಇಳಿದರು, ನೀನಾ ಅವರಿಗೆ ಅದಕ್ಕಾಗಿ ಕೈಸರ್-ಎ-ಹಿಂದ್ ಪದಕ ಬಂತು. ಮನೆಯಲ್ಲಿ ಮೊದಲ ಪದಕ ತಂದವರು ಹೆಂಡತಿ ಎಂಬುದನ್ನು ಯಾರಾದರೂ ಒತ್ತಿ ಹೇಳಬೇಕಿತ್ತು. ನಾನು ಹೇಳಿಬಿಟ್ಟೆ.

ಎರಡನೇ ಮಹಾಯುದ್ಧದ ಭಾಗ ನಮ್ಮೂರಿನಲ್ಲಿ ಕಡಿಮೆ ಕೇಳಿಬರುತ್ತದೆ. ಬರ್ಮಾದ ಅರಕಾನ್ ಕರಾವಳಿಯಲ್ಲಿ 51ನೇ ಬ್ರಿಗೇಡ್ ಎಂದಿತ್ತು. ಅದರ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ಕಮಾಂಡರ್: ತಿಮ್ಮಯ್ಯ, ಎಸ್.ಪಿ.ಪಿ. ಥೋರಾಟ್, ಎಲ್.ಪಿ. ಸೇನ್. 1945ರ ಜನವರಿ ಕೊನೆಯಲ್ಲಿ ಕಾಂಗಾವ್ ಹತ್ತಿರದ ಗುಡ್ಡಗಳಲ್ಲಿ ಜಪಾನಿಯರ ಜೊತೆ ಭೀಕರ ಕಾಳಗವಾಯಿತು. ಮೂವರಿಗೂ ಡಿಎಸ್‌ಓ ಎಂಬ ಬ್ರಿಟಿಷ್ ಸೇನಾ ಪದಕ ಬಂತು. ಭಾರತೀಯರು ನಾಯಕತ್ವಕ್ಕೆ ಲಾಯಕ್ಕಿಲ್ಲ ಎಂಬ ಎಂಟು ಘಟಕಗಳ ತರ್ಕಕ್ಕೆ ಅಲ್ಲಿಗೆ ಮಣ್ಣು ಬಿತ್ತು. ಆಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಕೊಟ್ಟರು. ಆ ಯುದ್ಧದ ಕಣದಲ್ಲಿ ಪದಾತಿ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದಾಗ ಭಾರತೀಯ ಸೇನೆಯ ಪರವಾಗಿ ಹಾಜರಿದ್ದವರೂ ಅವರೇ.

ಇದೇ ಹೊತ್ತಿಗೆ ಅವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದ್ದರು. ತಮ್ಮ ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿ ಜಪಾನಿಯರ ಎದುರಿಗೆ, ಅಣ್ಣ ಜಪಾನಿಯರ ಜೊತೆಗೂಡಿದ ಪಡೆಯಲ್ಲಿ. ಇನ್ನೊಬ್ಬ ತಮ್ಮ ಸೋಮಯ್ಯ ಮುಂದೆ 1947–48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ಮೈನ್ ಸಿಡಿದು ತೀರಿಕೊಂಡರು. ಮೂವರೂ ಆಫೀಸರರು, ಮೂರು ದಾರಿ. ಆ ಮನೆಯ ತಾಯಿಗೆ ಯಾವ ಸುದ್ದಿ ಬಂದರೆ ನೆಮ್ಮದಿ ಅನ್ನಿಸುತ್ತಿತ್ತೋ ಊಹಿಸಲು ನೋಡಿದೆ, ಆಗಲಿಲ್ಲ.

1947ರಲ್ಲಿ ದೇಶ ವಿಭಜನೆಯ ಹೊತ್ತಿನ ಪಂಜಾಬ್. ಅದನ್ನು ಯುದ್ಧ ಎನ್ನಲು ಬಾರದು, ಆದರೆ ಅಲ್ಲಿ ಸೈನಿಕರು ಕಂಡದ್ದನ್ನು ಅರಕಾನಿನಲ್ಲೂ ಕಂಡಿರಲಿಲ್ಲ. ಗಡಿ ದಾಟುತ್ತಿದ್ದ ಕಾಲ್ನಡಿಗೆಯ ಸಾಲುಗಳಿಗೆ ಕಾವಲು, ರೈಲುಗಳಿಗೆ ಕಾವಲು. ಎರಡೂ ಕಡೆಯ ಸಿಟ್ಟಿಗೆ ಸಿಕ್ಕುವ ಕೆಲಸ. ಅದನ್ನು ಮುಗಿಸಿಕೊಂಡು ಅವರು ಕಾಶ್ಮೀರಕ್ಕೆ ಹೋದರು.

ಜೋಜಿ ಲಾ ಕತೆಯನ್ನು ಹೇಳದೆ ಬಿಟ್ಟರೆ ನನ್ನನ್ನು ಊರಿನಿಂದ ಓಡಿಸುತ್ತಾರೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಸುಮಾರು 11,500 ಅಡಿ ಎತ್ತರದಲ್ಲಿ, ಬೆಟ್ಟದ ನಡುವಿನ ಇಕ್ಕಟ್ಟಾದ ದಾರಿ ಅದು. 1948ರಲ್ಲಿ ಅದು ಪಾಕಿಸ್ತಾನದ ಕಡೆಯವರ ಕೈಯಲ್ಲಿತ್ತು. ಲೇಹ್ ಹೊರಜಗತ್ತಿನಿಂದ ಕಡಿದುಹೋಗಿತ್ತು. ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಲೇಹ್‌ನ ಮರಳು ನೆಲದ ಮೇಲೆ ಮೊದಲ ಬಾರಿಗೆ ಡಕೋಟಾ ಇಳಿಸಿದಾಗ ಒಳಗಿದ್ದ ಪ್ರಯಾಣಿಕ ತಿಮ್ಮಯ್ಯ. ಸೆಪ್ಟೆಂಬರಿನಲ್ಲಿ ಪದಾತಿ ಪಡೆ ಜೋಜಿ ಲಾ ಮೇಲೆ ನಡೆಸಿದ ದಾಳಿಗಳು ವಿಫಲವಾದವು. ಆಗ ಬಂದದ್ದು ಟ್ಯಾಂಕ್ ಒಯ್ಯುವ ಯೋಚನೆ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಮೇಲೆ ಟಾರ್ಪಾಲು ಹೊದಿಸಿ, ಕತ್ತಲಲ್ಲಿ ಬಾಲ್ತಾಲ್‌ವರೆಗೆ ಸಾಗಿಸಿದರು. ಹೇಸರಗತ್ತೆ ನಡೆಯುವ ಹಾದಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದ್ದು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನಲ್ಲಿ ಕೇಂದ್ರ ಇರುವ ನಮ್ಮದೇ ದಕ್ಷಿಣದ ಹುಡುಗರು. ಮೇಲಿನ ಕಮಾಂಡಿನಲ್ಲಿ ಕೂತು ಬೆನ್ನಿಗೆ ನಿಂತವರು ಕಾರ್ಯಪ್ಪ. ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಟ್ಯಾಂಕುಗಳು ಮೇಲೆ ಬಂದವು. ಆ ಎತ್ತರದಲ್ಲಿ ಟ್ಯಾಂಕ್ ಕಂಡು ಎದುರಿನವರು ದಿಕ್ಕೆಟ್ಟರು. ಮೇಜರ್ ಜನರಲ್ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು. ಅಂದಹಾಗೆ, ಈ 7ನೇ ಲೈಟ್ ಕ್ಯಾವಲ್ರಿ ಕೂಡ ಹಿಂದೆ ಹೇಳಿದ ಆ ಎಂಟು ಘಟಕಗಳಲ್ಲಿ ಒಂದು.

ನಮ್ಮ ತೋಟದ ಪಕ್ಕದಲ್ಲಿ ನಿವೃತ್ತ ಸುಬೇದಾರರೊಬ್ಬರು ಇದ್ದಾರೆ. ನಾವೆಲ್ಲ ಕರೆಯುವುದು ಸುಬೇದಾರ್ ಮಾವ ಎಂದೇ. ಒಂದು ಮಳೆಗಾಲದಲ್ಲಿ ಎರಡು ಮನೆಯವರಿಗೆ ಸಿಲ್ವರ್ ಓಕ್ ಮರದ ವಿಷಯಕ್ಕೆ ಜಗಳ ಹತ್ತಿತು. ಮರ ಬಿದ್ದದ್ದು ಎರಡು ತೋಟದ ನಡುವಿನ ಕಡಂಗದ ಮೇಲೆ. ಹೊರಗಿನವರಿಗೆ ಹೇಳಬೇಕೆಂದರೆ, ಕಡಂಗ ಎಂದರೆ ಹಳೆಯ ಕಾಲದಲ್ಲಿ ಯುದ್ಧಕ್ಕೆಂದು ತೋಡಿದ ಕಂದಕ, ಈಗ ಎಷ್ಟೋ ಕಡೆ ತೋಟದ ಗಡಿ. ಬುಡ ಒಬ್ಬರ ಕಡೆ, ತುದಿ ಇನ್ನೊಬ್ಬರ ಕಡೆ. ಮಾತು ಕೋರ್ಟಿನವರೆಗೆ ಹೋಗುವುದರಲ್ಲಿತ್ತು, ಆಗ ಸುಬೇದಾರ್ ಮಾವನನ್ನು ಕರೆದರು. ಅವರು ಛತ್ರಿ ಹಿಡಿದು, ಹೆಗಲಿಗೆ ಫ್ಲಾಸ್ಕ್ ನೇತುಹಾಕಿಕೊಂಡು ಬಂದರು. ಎರಡೂ ಮನೆಯವರು ಕಾಫಿ ತಂದರು, ಇಬ್ಬರದ್ದನ್ನೂ ಮುಟ್ಟಲಿಲ್ಲ. ಕಡಂಗದ ದಂಡೆಯ ಮೇಲೆ ಕೂತು ತಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ತಾವೇ ಬಗ್ಗಿಸಿಕೊಂಡು ಕುಡಿದರು. ಜಿಗಣೆ ಹತ್ತಿದ ಕಾಲನ್ನು ಕೆರೆಯುತ್ತಲೇ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. "ಆಯ್ತಾ? ಇನ್ನೆಂಥ ಇದ್ರೂ ಈಗಲೇ ಹೇಳಿ ಮಾರಾಯ್ರೆ, ನಾಳೆ ನೆನಪಾಯ್ತು ಅನ್ಬೇಡಿ" ಎಂದರು. ಮರ ಮಾರಿದ ದುಡ್ಡು ಅರ್ಧರ್ಧ ಎಂದು ತೀರ್ಮಾನವಾಯಿತು. ಆಮೇಲೆ ಬಹಳ ದಿನ ಎರಡು ಮನೆಯವರೂ ಅವರ ಹತ್ತಿರ ಮಾತು ಬಿಟ್ಟಿದ್ದರು.

ಕೊರಿಯಾದ ಬಗ್ಗೆ ಓದುವಾಗೆಲ್ಲ ನನಗೆ ಆ ಫ್ಲಾಸ್ಕ್ ನೆನಪಾಗುತ್ತದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿತ್ತು. ಸೆರೆಸಿಕ್ಕ ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ 22,000ಕ್ಕೂ ಹೆಚ್ಚು ಜನ ತಮ್ಮ ದೇಶಕ್ಕೆ ವಾಪಸು ಹೋಗುವುದಿಲ್ಲ ಎಂದು ಕೂತರು. ಆಚೆ ಬದಿಯಲ್ಲೂ ಹೀಗೆ ಹೇಳಿದ 359 ಜನ ಇದ್ದರು. ಇವರು ಹೇಳುವುದು ಮನಸ್ಸಿನಿಂದಲೋ, ಯಾರೋ ಹೆದರಿಸಿದ್ದಕ್ಕೋ ಎಂದು ನೋಡಲು ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಭಾರತ. ಅಧ್ಯಕ್ಷ ತಿಮ್ಮಯ್ಯ. ಎರಡಕ್ಕೆ ಎರಡು ಸಮವಾದಾಗೆಲ್ಲ ಇವರ ಮಾತೇ ಕೊನೆಯ ಮಾತು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದುಬಿಟ್ಟ. ಹಾಗಾಗಿ ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ಸೈನ್ಯರಹಿತ ವಲಯಕ್ಕೆ ಇಳಿಸಬೇಕಾಯಿತು. ಖೈದಿಗಳನ್ನು ಕಾಯುವ ಪಡೆಗೆ ಅರಕಾನಿನ ಹಳೆಯ ಜೊತೆಗಾರ ಥೋರಾಟ್ ಮುಖ್ಯಸ್ಥರು. ಶಿಬಿರಗಳ ಒಳಗೆ ಖೈದಿಗಳದ್ದೇ ರಾಜ್ಯ, ಅವರವರದೇ ನಾಯಕರು, ಅವರದೇ ಹೊಡೆತ ಬಡಿತ. ಒಮ್ಮೆ ಭಾರತದ ಆಫೀಸರನೊಬ್ಬನನ್ನೇ ಒಳಗೆ ಎಳೆದುಕೊಂಡರು. ಥೋರಾಟ್ ಗುಂಡು ಹಾರಿಸಲು ಹೇಳಲಿಲ್ಲ, ತಾವೇ ಒಳಗೆ ನಡೆದು ಮಾತಾಡಿ ಬಿಡಿಸಿಕೊಂಡು ಬಂದರು. ಒಬ್ಬೊಬ್ಬ ಖೈದಿಗೂ ಅವನ ದೇಶದ ಪ್ರತಿನಿಧಿಗಳು ವಿವರಿಸಿ ಹೇಳಲು ತೊಂಬತ್ತು ದಿನಗಳ ಅವಕಾಶ ಇತ್ತು. ಖೈದಿಗಳು ಆ ಮಾತುಕತೆಯ ಡೇರೆಗೆ ಬರಲೇ ಒಪ್ಪುತ್ತಿರಲಿಲ್ಲ. ಬಲವಂತವಾಗಿ ಎಳೆತನ್ನಿ ಎಂದು ಒಂದು ಪಕ್ಷ, ಮುಟ್ಟಿದರೆ ಜೋಕೆ ಎಂದು ಇನ್ನೊಂದು. ತಿಮ್ಮಯ್ಯ ಬಲವಂತಕ್ಕೆ ಹೋಗಲಿಲ್ಲ. ಕೊನೆಗೆ ಊರಿಗೆ ಹೋಗುತ್ತೇವೆ ಎಂದವರು ಕೆಲವು ನೂರು ಮಂದಿ ಅಷ್ಟೇ. ಉಳಿದವರನ್ನು 1954ರ ಜನವರಿಯಲ್ಲಿ, ಮೊದಲು ಸೆರೆಹಿಡಿದಿದ್ದ ಪಕ್ಷಕ್ಕೇ ಒಪ್ಪಿಸಿ ಕೈತೊಳೆದುಕೊಂಡರು. ಎರಡು ಪಕ್ಷಕ್ಕೂ ಅಸಮಾಧಾನ. ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 80ಕ್ಕೂ ಹೆಚ್ಚು ಖೈದಿಗಳು ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಮದರಾಸಿಗೆ ಬಂದರು. ತಿಮ್ಮಯ್ಯನವರಿಗೆ ಆ ವರ್ಷ ಪದ್ಮಭೂಷಣ ಬಂತು. ಜೋಜಿ ಲಾ ಹತ್ತಲು ಧೈರ್ಯ ಬೇಕಿತ್ತು, ಒಪ್ಪುತ್ತೇನೆ. ಆದರೆ ದಿನ ಬೆಳಗಾದರೆ ಎರಡೂ ಕಡೆಯಿಂದ ಬೈಸಿಕೊಂಡು ತಾಳ್ಮೆ ಕಳೆದುಕೊಳ್ಳದಿರುವುದು ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು.

ಇನ್ನು ಆ ರಾಜೀನಾಮೆ. 1957ರ ಮೇ 7ರಂದು ಅವರು ಸೇನಾ ಮುಖ್ಯಸ್ಥರಾದರು, ತಮಗಿಂತ ಹಿರಿಯರಾದ ಇಬ್ಬರನ್ನು ದಾಟಿ. ಈ ಸಂಗತಿಯನ್ನು ನಮ್ಮವರು ಹೇಳುವುದಿಲ್ಲ, ನಾನು ಹೇಳುತ್ತೇನೆ, ಏಕೆಂದರೆ ಮುಂದಿನ ಜಗಳವೂ ಬಡ್ತಿಯದ್ದೇ. ಅದೇ ವರ್ಷ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾದರು. ಇಬ್ಬರಿಗೂ ಬೇಗನೇ ಹಳಸಿತು. ಬಿ.ಎಂ. ಕೌಲ್ ಎಂಬ ಅಧಿಕಾರಿಯ ಬಡ್ತಿ ವಿಷಯದಲ್ಲಿ ಮುಖ್ಯಸ್ಥರ ಮಾತನ್ನು ಮಂತ್ರಿ ಪಕ್ಕಕ್ಕೆ ಸರಿಸಿದಾಗ ಕಟ್ಟೆಯೊಡೆಯಿತು. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲಾಂಗ್‌ಜುದಲ್ಲಿ ಚೀನೀಯರ ಜೊತೆ ಗುಂಡಿನ ಚಕಮಕಿ ನಡೆದಿತ್ತು. ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕಳಿಸಿದರು. ನೆಹರೂ ಕರೆಸಿ ಮಾತಾಡಿ ವಾಪಸು ತೆಗೆದುಕೊಳ್ಳುವಂತೆ ಮಾಡಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿ ದೇಶವೆಲ್ಲ ಗುಲ್ಲಾಯಿತು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ಮಾತಾಡಿದಾಗ ಹಿಂದಿನ ದಿನಗಳ ಮೃದು ದನಿ ಇರಲಿಲ್ಲ. ಸೇನೆಗಿಂತ ಚುನಾಯಿತ ಸರ್ಕಾರವೇ ಮೇಲು ಎಂದರು, ಜನರಲ್ ಅವಸರ ಮಾಡಿದರು ಎಂಬ ಭಾವ ಬರುವಂತೆ ಮಾತಾಡಿದರು.

ಮರುದಿನ ಸೆಪ್ಟೆಂಬರ್ 3. ಕೊಡಗಿನ ಬಹುಪಾಲು ಕಡೆ ಕೈಲ್ ಪೊಳ್ದ್ ಆಚರಿಸುವ ದಿನ. ನಾಟಿ ಮುಗಿಸಿ, ಅಷ್ಟು ದಿನ ಮುಟ್ಟದೆ ಇಟ್ಟಿದ್ದ ಕೋವಿ, ಕತ್ತಿಗಳನ್ನು ತೊಳೆದು, ತೋಕ್ ಪೂ ಎಂಬ ಹೂ ಸಿಕ್ಕಿಸಿ, ದೀಪ ಹಚ್ಚಿ ಪೂಜೆ ಮಾಡುವ ಹಬ್ಬ. ಆ ವರ್ಷ ಹಂದಿ ಕರಿ, ಕಡಂಬುಟ್ಟು ಎಂಬ ಅಕ್ಕಿ ತರಿಯ ಉಂಡೆ ಬಡಿಸಿದ ಎಲೆಯ ಮುಂದೆ ಕೂತವರು ಬೇರೇನು ಮಾತಾಡಿರಲು ಸಾಧ್ಯ? ಆ ಚರ್ಚೆ ಇವತ್ತಿಗೂ ಮುಗಿದಿಲ್ಲ. ಸುಬೇದಾರ್ ಮಾವನದು ಖಡಾಖಂಡಿತ ಅಭಿಪ್ರಾಯ: "ಕೊಟ್ಟ ಮೇಲೆ ವಾಪಸು ತಗೊಳ್ಳೋದೆಂಥದು? ಅವರು ಹೊರಗೆ ಬಂದಿದ್ರೆ ಅರುವತ್ತೆರಡರಲ್ಲಿ ನಮ್ಗೆ ಆ ಗತಿ ಬರ್ತಿತ್ತಾ?" ಊರಿನ ಬಹುಮತವೂ ಅವರ ಕಡೆಗೇ. ನಾನು ಒಪ್ಪುವುದಿಲ್ಲ. ಅಕ್ಕಪಕ್ಕದ ದೇಶವನ್ನು ನೋಡಿ. ಅದಕ್ಕೆ ಒಂದು ವರ್ಷ ಮೊದಲು, 1958ರ ಅಕ್ಟೋಬರಿನಲ್ಲಿ, ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಕಿತ್ತುಕೊಂಡಿದ್ದರು. ದೆಹಲಿಯಲ್ಲಿ ಎಲ್ಲರ ತಲೆಯಲ್ಲೂ ಆ ಭಯ ಇತ್ತು. ಜನಪ್ರಿಯ ಜನರಲ್ ಒಬ್ಬರು ಮಂತ್ರಿಯ ಮೇಲೆ ಸಿಟ್ಟಾಗಿ ಹೊರಬಂದು, ದೇಶದ ಪತ್ರಿಕೆಗಳೆಲ್ಲ ಅವರ ಹಿಂದೆ ನಿಂತಿದ್ದರೆ ಏನೇನು ಆಗಬಹುದಿತ್ತು? ಅವರು ಮರ್ಯಾದೆ ಕಳೆದುಕೊಂಡರು, ಆ ಮರ್ಯಾದೆ ಹೋದದ್ದು ಸೇನೆ ಸೇನೆಯ ಜಾಗದಲ್ಲೇ ಉಳಿಯುವುದಕ್ಕೆ ತೆತ್ತ ಬೆಲೆ ಎಂದು ನನಗನ್ನಿಸುತ್ತದೆ. ಸುಬೇದಾರ್ ಮಾವ ಇದಕ್ಕೆ "ನೀವು ಓದಿದವರು ಹೀಗೇ" ಎಂದು ಎದ್ದು ಹೋಗುತ್ತಾರೆ.

ಆದರೆ ಒಂದು ಮಾತಿನಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ. ರಾಜೀನಾಮೆ ಹಿಂದಕ್ಕೆ ಪಡೆದ ಮೇಲೆ ಅವರ ಮಾತಿನ ತೂಕ ಮೊದಲಿನಂತೆ ಇರಲಿಲ್ಲ. ತಮ್ಮ ನಂತರ ಥೋರಾಟ್ ಬರಲಿ ಎಂಬ ಅವರ ಶಿಫಾರಸು ನಡೆಯಲಿಲ್ಲ, 1961ರ ಮೇ ತಿಂಗಳಲ್ಲಿ ಪಿ.ಎನ್. ಥಾಪರ್ ಬಂದರು. ಚೀನಾ ಗಡಿಯ ಬಗ್ಗೆ ಹಿಂದೆ ಕೊಟ್ಟ ಎಚ್ಚರಿಕೆಗಳು ಕಡತದಲ್ಲೇ ಉಳಿದವು. 1962ರ ಜುಲೈನಲ್ಲಿ, ಅಂದರೆ ಯುದ್ಧಕ್ಕೆ ಮೂರು ತಿಂಗಳು ಮುಂಚೆ, 'ಸೆಮಿನಾರ್' ಪತ್ರಿಕೆಗೆ ಅವರು ಒಂದು ಲೇಖನ ಬರೆದರು. ಭಾರತ ಒಂಟಿಯಾಗಿ ಚೀನಾದ ಜೊತೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತನಗೆ ಊಹಿಸಲೂ ಆಗುವುದಿಲ್ಲ, ಅದನ್ನು ತಪ್ಪಿಸುವುದು ರಾಜಕಾರಣಿಗಳ, ರಾಜತಾಂತ್ರಿಕರ ಕೆಲಸ ಎಂಬುದು ಅದರ ಸಾರ. ನಿವೃತ್ತ ಜನರಲ್‌ಗಳು ಟಿವಿಯಲ್ಲಿ ಕೂತು ಮೀಸೆ ತಿರುವುವ ಈ ಕಾಲದಲ್ಲಿ ಆ ಮಾತನ್ನು ಓದಿದರೆ ಬೇರೆ ಲೋಕದ್ದು ಅನ್ನಿಸುತ್ತದೆ. ಅಕ್ಟೋಬರಿನಲ್ಲಿ ಯುದ್ಧವಾಯಿತು, ಮೆನನ್ ಹೋದರು, ಕೌಲ್ ಹೋದರು, ಥಾಪರ್ ಹೋದರು.

ತಿಮ್ಮಯ್ಯ ನಾನು ಹೇಳಿರಲಿಲ್ಲವೇ ಎಂದು ಊರೂರು ತಿರುಗಬಹುದಿತ್ತು, ಇಲ್ಲವೇ ಮಡಿಕೇರಿಯಲ್ಲಿ ಕಾಫಿ ಹೂವಿನ ಮಳೆಗೆ ಕಾಯುತ್ತಾ ಆರಾಮ ಇರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು, ಹೋದರು. ಸೈಪ್ರಸ್ ದ್ವೀಪದಲ್ಲಿ 1963ರ ಡಿಸೆಂಬರಿನಿಂದ ಗ್ರೀಕ್ ಸೈಪ್ರಿಯಟ್ಟರಿಗೂ ಟರ್ಕಿಷ್ ಸೈಪ್ರಿಯಟ್ಟರಿಗೂ ಹೊಡೆದಾಟ ನಡೆಯುತ್ತಿತ್ತು. ಅಲ್ಲಿಗೆ ಹೋದ ಶಾಂತಿಪಾಲನಾ ಪಡೆಯ ಮೊದಲ ಕಮಾಂಡರ್ ಕೂಡ ಭಾರತದವರೇ, ಪಿ.ಎಸ್. ಜ್ಞಾನಿ. ಜುಲೈನಲ್ಲಿ ತಿಮ್ಮಯ್ಯ ಅವರ ಜಾಗಕ್ಕೆ ಬಂದರು. ಅವರ ಕೈಕೆಳಗೆ ಬ್ರಿಟಿಷರು, ಕೆನಡಾದವರು, ಐರಿಷರು, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ನವರು. ಬಿಳಿಯರಿಗೆ ಅಪ್ಪಣೆ ಕೊಡುವ ಪ್ರಸಂಗವೇ ಬರಬಾರದೆಂದು ಎಂಟು ಘಟಕಗಳಲ್ಲಿ ಕೂಡಿಹಾಕಿದ್ದವರಲ್ಲಿ ಒಬ್ಬ, ಈಗ ಇಷ್ಟು ದೇಶದ ಸೈನಿಕರಿಗೆ ಜನರಲ್. ಅವರು ಬಂದ ಮರುತಿಂಗಳಲ್ಲೇ, ಆಗಸ್ಟ್ 8 ಮತ್ತು 9ರಂದು, ಕೊಕ್ಕಿನಾ ಪ್ರದೇಶದ ಮೇಲೆ ಟರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಶಾಂತಿಪಾಲನಾ ಪಡೆಗೆ ಅದನ್ನು ತಡೆಯುವ ಆಯುಧವೂ ಇಲ್ಲ, ಅಧಿಕಾರವೂ ಇಲ್ಲ. ಮತ್ತೆ ಅದೇ ಕೆಲಸ: ಇಬ್ಬರ ಮಾತನ್ನೂ ಕೇಳುವುದು, ಮರಳುಚೀಲದ ಕಾವಲುಗೂಡುಗಳ ನಡುವೆ ಓಡಾಡುವುದು, ಇಬ್ಬರಿಗೂ ಪೂರ್ತಿ ಬೇಕಾದವನಾಗದೇ ಇರುವುದು.

1965ರ ಡಿಸೆಂಬರ್ 18ರಂದು, ಕೆಲಸದಲ್ಲಿದ್ದಾಗಲೇ, ನಿಕೋಸಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 59 ವರ್ಷ. ಸೈಪ್ರಸ್ ಸರ್ಕಾರ ಮರುವರ್ಷ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಅವರು ನಡೆಸಿದ ಆ ವಿಶ್ವಸಂಸ್ಥೆಯ ಪಡೆ ಇಂದಿಗೂ ನಿಕೋಸಿಯಾದಲ್ಲಿದೆ, ಆ ಎರಡು ಸಮುದಾಯಗಳ ನಡುವೆಯೇ.